ಜಾಬರರ ಡೀಪ್ ಫ್ರಿಜ್

ಮನುಷ್ಯ ಹೋಗುವಾಗ ಅವನ ಸಂಗಡ ಏನೂ ಹೋಗುವುದಿಲ್ಲ ಎಂಬುದು ಬಹಳ ಗಂಭೀರವಾದ ಮಾತು. ಸಾವಿನ ಮನೆಗಳ ಜಮಖಾನೆಯ ಮೇಲೆ ಕೂತು, ನಿಧಾನವಾಗಿ ತಲೆಯಾಡಿಸುತ್ತ, ಇದನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ನಮ್ಮ ಜಾಬರರ ಸಂಗಡ ಅರವತ್ತು ಬಾಟಲಿ ನೀರು ಹೋಯಿತು. ಮಣ್ಣಿನ ತನಕ ಅಲ್ಲ, ಅಂಗಳದ ತನಕ. ಆದರೂ ಅಂದಿನಿಂದ ನಾನು ಆ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಇಚಲಕರಂಜಿಯ ನಮ್ಮ ಓಣಿಯಲ್ಲಿ ಅವರಿಗೆ ಹೆಸರಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಇದ್ದಿರಬೇಕು. ಯಾರಾದರೂ ಅದನ್ನು ಬಳಸಿದ್ದನ್ನು ನಾನು ಕೇಳಿಲ್ಲ. ಜಾಬರ್ ಎಂದರೆ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಿಂತಾಗ ಎಲ್ಲರೂ ರಿಪೇರಿಗೆ ಕೂಗಿ ಕರೆಯುವ ಮನುಷ್ಯ. ಒಂದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಅವರು ನಟ್ಟು ತಿರುಗಿಸುವ ಪಾನಾ ಹಿಡಿದರು, ನಾನು ಲೆಕ್ಕದ ದಿವಾಣಜಿಯಾಗಿ ಪೆನ್ನು ಹಿಡಿದೆ. ನಲವತ್ತೆಂಟು ಮಗ್ಗ ಒಟ್ಟಿಗೆ ಬಡಿಯುವ ಗದ್ದಲದಲ್ಲಿ, ಕೈಯಲ್ಲಿ ಚಹಾದ ಕಪ್ಪಿರುವಾಗಲೇ, ಅವರು ಕಿವಿ ನಿಮಿರಿಸಿ, "ಹದಿನೇಳನೇದು ಕೆಮ್ಮಾಕತ್ತೈತಿ" ಎಂದು ಎದ್ದು ಹೋಗುತ್ತಿದ್ದರು. ಎದ್ದು ಅನ್ನುವುದು ತಪ್ಪು. ಕೂತಿದ್ದರೆ ತಾನೆ ಏಳುವುದು. ಚಹಾ ನಿಂತು, ಊಟ ನಿಂತು, ಪೇಪರ್ ಓದುವುದು ನಿಂತು. ಬಲಗೈ ಹೆಬ್ಬೆರಳು ಯಾವಾಗಲೂ ತೋರುಬೆರಳನ್ನು ತಿಕ್ಕುತ್ತಿತ್ತು, ಕಣ್ಣಿಗೆ ಕಾಣದ ನಟ್ಟೊಂದನ್ನು ಬಿಗಿಮಾಡುತ್ತಿರುವ ಹಾಗೆ. ಅವರು ಕೂತದ್ದನ್ನು ನಾನು ಕಂಡದ್ದು ಒಂದೇ ಸಲ, ಅವರು ಸತ್ತ ದಿನ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತೇವೆ, ಕೂಡಿಸಿಯೇ ಮಣ್ಣು ಮಾಡುತ್ತೇವೆ.

ಹಾಗೆ ಕೂತವರನ್ನು ಮಗಳು ಬರುವ ತನಕ ಕೆಡದಂತೆ ಇಡಬೇಕಾಗಿತ್ತು. ಮಗಳು ಗಡಹಿಂಗ್ಲಜದಲ್ಲಿ. ನಡುವಿನ ಹೊಳೆಗಳೆಲ್ಲ ದಂಡೆ ಬಿಟ್ಟು ಹೊರಬಿದ್ದಿದ್ದವು. ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತು. ನಮ್ಮ ಕೈಯಲ್ಲಿ ಇದ್ದದ್ದು ಒಂದು ಪೆಟ್ಟಿಗೆ. ಆದ್ದರಿಂದ ಮೊದಲು ಪೆಟ್ಟಿಗೆಯ ಮಾತು.

ನಾವಿಬ್ಬರೂ ನಿವೃತ್ತರಾಗುವ ಹೊತ್ತಿಗೆ ನಮ್ಮ ಶೆಡ್ಡೂ ನಿವೃತ್ತವಾಯಿತು. ಹಳೆಯ ಮಗ್ಗಗಳನ್ನು ಸುತ್ತಿಗೆಯಿಂದ ಒಡೆದು, ಗುಜರಿ ಕೊಳ್ಳುವ ಭಂಗಾರದವರ ಲಾರಿಗೆ ತುಂಬಿದರು. ಜಾಬರರು ಎರಡು ದಿನ ಬಾಗಿಲಲ್ಲಿ ನಿಂತು ನೋಡಿದರು. ಮೂರನೆಯ ದಿನ ನನ್ನ ಮನೆಗೆ ಬಂದು, "ದಿವಾಣಜಿ, ಹದಿನೇಳನೇದು ಚಾಲೂ ಇತ್ತರೀ. ಚಾಲೂ ಇದ್ದದ್ದನ್ನ ಒಡದ್ರು" ಎಂದರು. ಅಷ್ಟೇ. ಚಹಾ ಸಹ ಕುಡಿಯಲಿಲ್ಲ. ಶೋಕಸಭೆ ಮುಗಿಯಿತು.

ಅದಾಗಿ ಹದಿನೈದು ದಿನಕ್ಕೆ ಮಾಲಕರ ತಮ್ಮ ತನ್ನ ಐಸ್‌ಕ್ರೀಂ ಅಂಗಡಿ ಮುಚ್ಚಿದ. ಅಲ್ಲೊಂದು ಡೀಪ್ ಫ್ರಿಜ್ ಇತ್ತು; ಮುಚ್ಚಳ ಮೇಲಕ್ಕೆ ತೆರೆಯುವಂಥದು, ಎಮ್ಮೆಯ ಕರು ಆರಾಮಾಗಿ ಮಲಗಬಹುದಾದಷ್ಟು ಉದ್ದದ ಬಿಳಿ ಪೆಟ್ಟಿಗೆ. ಅದನ್ನೂ ಭಂಗಾರಕ್ಕೆ ಹಾಕುವುದೆಂದು ಠರಾವಾಯಿತು. ಜಾಬರರು ಹೋಗಿ ಅದರ ಮೈಗೆ ಕಿವಿ ಹಚ್ಚಿ ಕೇಳಿದರು. ಚಾಲೂ ಇತ್ತು. ಸಂಜೆ ಅದು ಕೈಗಾಡಿಯ ಮೇಲೆ ನಮ್ಮ ಓಣಿಗೆ ಬಂತು.

ಬಂದದ್ದು ಬಾಗಿಲಲ್ಲಿ ಹಿಡಿಯಲಿಲ್ಲ. ಕೂದಲೆಳೆಯ ವ್ಯತ್ಯಾಸವನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದ ಮನುಷ್ಯನ ಅಳತೆ ತಪ್ಪಿದ್ದು ಹೇಗೆಂದು ಓಣಿಯಲ್ಲಿ ಬಹಳ ದಿನ ಚರ್ಚೆ ನಡೆಯಿತು. ನನಗೆ ಕಾರಣ ಗೊತ್ತು. ಅವರು ಪೆಟ್ಟಿಗೆಯ ಪನ್ನಾ, ಅಂದರೆ ಅಗಲ, ಅಳೆದಿದ್ದರು, ಬಾಗಿಲಿನ ಪನ್ನಾ ಅಳೆದಿದ್ದರು, ಎರಡೂ ಸರಿ ಇದ್ದವು. ಉದ್ದವನ್ನು ನೋಡಿರಲೇ ಇಲ್ಲ. ಜೀವಮಾನವೆಲ್ಲ ಬಟ್ಟೆಯೊಂದಿಗೆ ಕಳೆದವರಿಗೆ ಅಗಲವಷ್ಟೇ ಅಳತೆ. ಉದ್ದ ಎಂಬುದು ಎಷ್ಟಿದ್ದರೂ ಸುತ್ತಿ ಇಡುವ ವಸ್ತು. ಪೆಟ್ಟಿಗೆಯನ್ನು ಸುತ್ತಲಿಕ್ಕೆ ಬರಲಿಲ್ಲ. ಅದು ನಮ್ಮ ಇಕ್ಕಟ್ಟಿನ ಓಣಿಯಲ್ಲಿ ಬಾಗಿಲ ಕಡೆಗೆ ತಿರುಗಲೇ ಇಲ್ಲ. ಕೊನೆಗೆ ಮುಂದಿನ ಕೋಣೆಯ ಅಗಲ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು, ಆರು ಜನ ಅಡ್ಡಡ್ಡ ಎತ್ತಿ, ಮದುವಣಗಿತ್ತಿಯನ್ನು ಹಿಂಬಾಗಿಲಿನಿಂದ ತಂದ ಹಾಗೆ ಒಳಗೆ ತಂದೆವು. ಚೌಕಟ್ಟನ್ನು ಮತ್ತೆ ಸಿಮೆಂಟು ಹಾಕಿ ಕೂಡಿಸಲಾಯಿತು. ಅಡುಗೆಮನೆಗೆ ಒಯ್ಯುವ ಪ್ರಶ್ನೆ ಬಂದಾಗ ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಸೊಂಟದ ಮೇಲೆ ಕೈಯಿಟ್ಟು ಹೇಳಿದರು:

"ಅಡಗಿಮನ್ಯಾಗ ಇದನ್ನ ಇಡೂದಲ್ರೀ ದಿವಾಣಜಿ. ಅಡಗಿಮನೀನ ತಂದು ಇದರಾಗ ಇಡಬೇಕು, ಅಷ್ಟ ಐತಿ."

ಹೀಗೆ ಮುಂದಿನ ಕೋಣೆಯ ಒಂದು ಗೋಡೆ ಪೂರ್ತಿ ಪೆಟ್ಟಿಗೆಯದಾಯಿತು. ಅಲ್ಲಿದ್ದ ಮಂಚ ಅಂಗಳಕ್ಕೆ ಬಂತು. ಮನೆಯಲ್ಲಿ ಇದ್ದದ್ದು ಇಬ್ಬರು. ಇಬ್ಬರ ಮನೆಯಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಏನಿಡುವುದು? ಮೊದಲ ವಾರ ಒಳಗೆ ಇದ್ದದ್ದು ಅರ್ಧ ತೆಂಗಿನಕಾಯಿ ಮತ್ತು ಒಂದು ಹಾಲಿನ ಪಾಕೀಟು. ಜಾಬರರಿಗೆ ನಿದ್ದೆ ಬರಲಿಲ್ಲ. ಖಾಲಿ ಓಡುವ ಮಗ್ಗ ಕಂಡರೆ ಅವರು ಓಡಿಹೋಗಿ ಬಂದ್ ಮಾಡುತ್ತಿದ್ದರು. ಇಲ್ಲಿ ಮನೆಯೊಳಗೇ ಒಂದು ಖಾಲಿ ಓಡುತ್ತಿತ್ತು.

"ಖಾಲಿ ಜಾಗಾ ಕರೆಂಟ್ ತಿಂತೈತಿ, ದಿವಾಣಜಿ. ಮುಚ್ಚಳಾ ತಗದಾಗೊಮ್ಮೆ ಒಳಗಿನ ತಂಪು ಗಾಳಿ ಹೊರಗ ಬೀಳತೈತಿ, ಬಿಸಿ ಗಾಳಿ ಒಳಗ ಹೊಕ್ಕತೈತಿ, ಅದನ್ನ ಮತ್ತ ತಂಪ ಮಾಡಬೇಕು. ಸಾಮಾನ ತುಂಬಿದ್ರ ಗಾಳಿಗೆ ಜಾಗಾನ ಇಲ್ಲ. ತುಂಬಿದ ಪೆಟಗಿ ಕಡಿಮಿ ಓಡತೈತಿ, ಖಾಲಿ ಪೆಟಗಿ ಹಗಲಿ ರಾತ್ರಿ ಓಡತೈತಿ."

"ತುಂಬೂದು ಏನನ್ನ?" ಎಂದೆ.

"ಏನರೆ."

ಆ 'ಏನರೆ'ಯಿಂದ ಓಣಿಯ ಇತಿಹಾಸದಲ್ಲಿ ಹೊಸ ಯುಗ ಆರಂಭವಾಯಿತು. ಚಳಿಗಾಲದಲ್ಲಿ ಬಟಾಣಿ ಇಳಿದಾಗ ಅವರು ಎರಡು ಚೀಲ ತಂದರು. ಸುಲಿಯಲಿಕ್ಕೆ ನಮ್ಮ ಹನ್ನೊಂದು ಮನೆಗಳಿಗೂ ಹಂಚಿಕೆಯಾಯಿತು. ಬಿಸಿನೀರಿನಲ್ಲಿ ಮುಳುಗಿಸಿ, ತಣ್ಣೀರಿಗೆ ಹಾಕಿ, ಹಳೆ ಸೀರೆಯ ಮೇಲೆ ಹರವಿ ಒಣಗಿಸಿ, ಒಂದು ಊಟಕ್ಕೆ ಒಂದರಂತೆ ಪೊಟ್ಟಣ ಕಟ್ಟಿ, ಗಾಳಿ ಹಿಂಡಿ ತೆಗೆದು ಒಳಗಿಟ್ಟರು. "ದೊಡ್ಡ ಗಂಟ ಕಟ್ಟಬ್ಯಾಡ್ರಿ. ಒಮ್ಮೆ ಕರಗಿದ್ದನ್ನ ಮತ್ತ ಒಳಗ ಇಡಾಕ ಬರೂದಿಲ್ಲ. ಕರಗಿತು ಅಂದ್ರ ಅವತ್ತ ತಿನ್ನಬೇಕು." ಇದು ಅವರ ಶಾಸನಗಳಲ್ಲಿ ಎರಡನೆಯದು. ಆಮೇಲೆ ತುರಿದ ತೆಂಗು, ಹುಣಸೆಹಣ್ಣು, ಮಾವಿನ ರಸ, ಸುಲಿದ ಬೆಳ್ಳುಳ್ಳಿ. ಎಲ್ಲರ ಮನೆಯ ಗೋಧಿ, ರವೆ, ಹಿಟ್ಟು ಪಾಳಿಯ ಮೇಲೆ ಬಂದು ಮೂರು ಮೂರು ದಿನ ಒಳಗಿದ್ದು ಹುಳ ಸಾಯಿಸಿಕೊಂಡು ಹೊರಗೆ ಹೋಗುತ್ತಿದ್ದವು. ನಮ್ಮ ಓಣಿಯ ನುಸಿಗೆಲ್ಲ ಅದೇ ರುದ್ರಭೂಮಿ.

ಆದರೂ ಜಾಗ ಉಳಿಯುತ್ತಿತ್ತು. ಬಟಾಣಿಯ ಪೊಟ್ಟಣವೊಂದು ಹೊರಗೆ ಹೋದರೆ ಅಲ್ಲೊಂದು ಪೊಳ್ಳು. ಅದಕ್ಕೆ ಅವರು ಕಂಡುಕೊಂಡದ್ದು ನೀರಿನ ಬಾಟಲಿ. ಮದುವೆ ಮನೆಗಳಲ್ಲಿ ಊಟ ಮುಗಿದ ಮೇಲೆ ಜನ ಎಲೆಅಡಿಕೆ ಹುಡುಕಿದರೆ ಇವರು ಮೇಜಿನ ಕೆಳಗಿನ ಖಾಲಿ ಬಾಟಲಿ ಹುಡುಕುತ್ತಿದ್ದರು. ಮೊದಲ ಖೇಪಿನಲ್ಲಿ ಕಂಠಮಟ್ಟ ತುಂಬಿ ಇಟ್ಟದ್ದರಿಂದ ಒಂಬತ್ತು ಬಾಟಲಿ ಒಡೆದವು. ಮರುದಿನದಿಂದ ಪ್ರತಿಯೊಂದರಲ್ಲೂ ಮೇಲೆ ನಾಲ್ಕು ಬೆರಳು ಖಾಲಿ ಬಿಡುವ ಪದ್ಧತಿ ಜಾರಿಗೆ ಬಂತು. "ನೀರಿಗೂ ಕೂಡಾಕ ಜಾಗಾ ಬೇಕ್ರಿ," ಎಂದರು, ನಿಂತುಕೊಂಡು. ಬಟಾಣಿ ಹೋದಲ್ಲಿ ಬಾಟಲಿ. ಬಟಾಣಿ ಬಂದರೆ ಬಾಟಲಿ ಹೊರಗೆ. ಮಳೆಗಾಲದ ಹೊತ್ತಿಗೆ ಪೊಟ್ಟಣಗಳು ತೀರಿ, ಒಳಗೆ ಹೆಚ್ಚುಕಡಿಮೆ ಬಾಟಲಿಗಳೇ ಇರುತ್ತಿದ್ದವು. ಅರವತ್ತು.

ಎದುರು ಮನೆಯ ಮರಾಠಿ ಮಾವಶಿ ಒಂದು ದಿನ ಸೆರಗಿನ ಮರೆಯಲ್ಲಿ ಒಂದು ಡಬ್ಬಿ ಹಿಡಿದು ಬಂದರು. "ಜಾಬರ್, ಪೇಟೀತ ಜಾಗಾ ಆಹೇ ನಾ? ಥೋಡೇ ಮಾಸೇ ಠೇವೂ ಕಾ?" ಮೀನು ಇಡಲೇ ಎಂದು ಕೇಳುತ್ತಿದ್ದರು. ಜಾಬರರ ಮುಖದಲ್ಲಿ ಎರಡು ಧರ್ಮಗಳು ಹೊಡೆದಾಡಿದ್ದನ್ನು ನಾನು ಕಣ್ಣಾರೆ ಕಂಡೆ: ಒಂದು ಹುಟ್ಟಿದಾಗ ಬಂದದ್ದು, ಇನ್ನೊಂದು ಪೆಟ್ಟಿಗೆಯ ಜೊತೆ ಬಂದದ್ದು. ಕೊನೆಗೆ, "ಜಾಗಾ ಆಹೇ ಮಾವಶೀ, ಪರವಾನಗೀ ನಾಹೀ", ಜಾಗ ಇದೆ, ಪರವಾನಗಿ ಇಲ್ಲ, ಎಂದು ಅಡುಗೆಮನೆಯ ಕಡೆ ಕಣ್ಣು ಮಾಡಿದರು. ಆದರೆ ಬರಿಗೈಯಲ್ಲಿ ಕಳಿಸಲಿಲ್ಲ. ನಾಲ್ಕು ಗಟ್ಟಿ ಬಾಟಲಿ ಕೊಟ್ಟು, ಥರ್ಮೋಕೋಲ್ ಡಬ್ಬಿಯಲ್ಲಿ ಮೀನಿನ ಸುತ್ತ ಅವನ್ನು ಹೇಗೆ ನಿಲ್ಲಿಸಬೇಕೆಂದು ತೋರಿಸಿಕೊಟ್ಟರು. "ಸುತ್ತಲೂ ನಿಲ್ಲಿಸ್ರಿ, ಮ್ಯಾಲ ಹೊದಿಕಿ ಹೊಚ್ಚರಿ, ಘಳಿಗಿ ಘಳಿಗಿಗೆ ತಗದು ನೋಡಬ್ಯಾಡ್ರಿ." ಈ ಮೂರು ಸೂಚನೆಗಳು ಮುಂದೆ ಎಂಥ ಕೆಲಸಕ್ಕೆ ಬಂದವೆಂದರೆ ಮಾವಶಿಯೇ ಬಾಯಿಗೆ ಸೆರಗು ಹಚ್ಚಿಕೊಳ್ಳುವಂತಾಯಿತು.

ಶಾಸನಗಳಲ್ಲಿ ಮೊದಲನೆಯದು ಮುಚ್ಚಳದ್ದು. ಮುಚ್ಚಳ ತೆಗೆದರೆ ಹತ್ತು ಎಣಿಸುವುದರೊಳಗೆ ಮುಚ್ಚಬೇಕು. ಅವರೇ ಜೋರಾಗಿ ಎಣಿಸುತ್ತಿದ್ದರು. ಒಳಗೆ ಹುಡುಕುತ್ತ ನಿಲ್ಲಬಾರದೆಂದು ಗೋಡೆಗೆ ಒಂದು ಚಾರ್ಟು ಅಂಟಿಸಿದ್ದರು. ನೇಕಾರರ ಚಾರ್ಟು: ಉದ್ದಕ್ಕೆ ಆರು ಹಾಸು, ಅಡ್ಡಕ್ಕೆ ನಾಲ್ಕು ಹೊಕ್ಕು. 'ಹಾಸು ಮೂರು, ಹೊಕ್ಕು ಎರಡು: ತೆಂಗು.' 'ಹಾಸು ಐದು, ಹೊಕ್ಕು ನಾಲ್ಕು: ದಿವಾಣಜಿ ರವೆ.' ಕಣ್ಣುಮುಚ್ಚಿ ಕೈಹಾಕಿದರೂ ಬೇಕಾದದ್ದೇ ಬರಬೇಕು. ಒಮ್ಮೆ ಮನೆಗೆ ಬಂದ ಅಯ್ಯನವರು ಬೇರೆ ಜಾಗ ಕಾಣದೆ ಮುಚ್ಚಳದ ಮೇಲೆಯೇ ಪದ್ಮಾಸನ ಹಾಕಿ ಕೂತರು. ವೈನಿಗೆ ತೆಂಗು ಬೇಕಾಯಿತು. ಜಾಬರರು ಕೈ ಜೋಡಿಸಿ, "ಅಜ್ಜಾರ, ಸ್ವಲ್ಪ ಏಳ್ರಿ, ಹತ್ತು ಎಣಸೂತನಾ" ಎಂದರು. ಅಯ್ಯನವರು ಆ ದಿನದ ಆಶೀರ್ವಚನದಲ್ಲಿ ಅಸ್ಥಿರವಾದ ಆಸನಗಳ ಬಗ್ಗೆ ಮಾತನಾಡಿದರು.

ಪೆಟ್ಟಿಗೆಯ ಇನ್ನೊಂದು ಗುಣ ಹೊರಗಿನವರಿಗೆ ತಿಳಿದಿರಲಿಲ್ಲ. ಒಳಗೆ ಎಷ್ಟು ತಂಪೋ ಹೊರಮೈ ಅಷ್ಟೇ ಬೆಚ್ಚಗೆ. ಒಳಗಿನ ಕಾವನ್ನೆಲ್ಲ ಅದು ಮೈಮೇಲೆ ಹೊತ್ತು ತಂದು ಹಾಕುತ್ತಿತ್ತು. ಆ ಕಾವು ಸುಮ್ಮನೆ ಹೋಗುವುದನ್ನು ಜಾಬರರು ಸಹಿಸುವರೇ? ಚಳಿಗಾಲದಲ್ಲಿ ಮೊಸರಿನ ಗಡಿಗೆ ಅದರ ಪಕ್ಕೆಗೆ ಒತ್ತಿ ಇಟ್ಟರೆ ಬೆಳಗಾಗುವುದರೊಳಗೆ ಕೆನೆಗಟ್ಟಿ ಮೊಸರು. ಮಗಳು ಗಡಹಿಂಗ್ಲಜದ ಪೇಟೆಯಿಂದ ಕಳಿಸುವ ಕೆಂಪು ಮೆಣಸಿನಕಾಯಿ ಅದರ ಮಗ್ಗುಲಲ್ಲೇ ಗರಿಗರಿಯಾಗುತ್ತಿತ್ತು. ಸ್ವತಃ ಜಾಬರರು ಹೊತ್ತು ಹೋಗದಾಗ ಆ ಪಕ್ಕೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಒಳಗಿನ ಮಶೀನು ಗುಂ ಎನ್ನುತ್ತಿರುವಷ್ಟು ಹೊತ್ತು ಹೆಬ್ಬೆರಳು ತೋರುಬೆರಳನ್ನು ತಿಕ್ಕುವುದಿಲ್ಲ. ಅದು ನಿಂತಿತೋ, ಮತ್ತೆ ಅಂಗಳ, ಓಣಿ, ಓಣಿ, ಅಂಗಳ.

ಮಗಳ ಹೆಸರು ಸವಿತಾ. ಒಬ್ಬಳೇ ಮಗಳು, ನಾಲಿಗೆ ತಂದೆಯ ಪಾನಾದಷ್ಟೇ ಗಟ್ಟಿ. ಜಾಬರರು ಹೋಗುವ ಹಿಂದಿನ ವರ್ಷ ದೀಪಾವಳಿಗೆ ಬಂದವಳು ಒಂದು ರಾತ್ರಿ ಅಂಗಳದ ಮಂಚದ ಮೇಲೆ ಮಲಗಿ, ಬೆಳಿಗ್ಗೆ ಎದ್ದವಳೇ ತಂದೆಯ ಮುಂದೆ ನಿಂತಳು.

"ಅಪ್ಪಾ, ಅವ್ವಗ ಮನ್ಯಾಗ ಕಾಲ ಚಾಚಾಕ ಜಾಗಾ ಇಲ್ಲ. ನಿಮ್ಮ ಬಾಟ್ಲಿಗೋಳ ಎಸಿ ರೂಮಿನ್ಯಾಗ ಮಲಗ್ಯಾವ."

"ಚಾಲೂ ಐತಿ ಅದು."

"ಚಾಲೂ ಇದ್ದದ್ದೆಲ್ಲಾ ಮನ್ಯಾಗ ತಂದ ಇಡೂದಾದ್ರ ನಾಳೆ ಎಸ್‌ಟಿ ಬಸ್ಸೂ ತರ್ರಿ. ಆ ಪೆಟಗಿ ಹೊರಗ ಹೋಗೂತನಾ ನಾ ಒಳಗ ಬರೂದಿಲ್ಲ, ನೋಡ್ರಿ."

"ಅದು ಬಾಗಲದಾಗ ಹಿಡ್ಯೂದಿಲ್ಲವಾ" ಎಂದರು ಜಾಬರರು. ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹೋದವಳು ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೆ ಬರಲಿಲ್ಲ. ದಿನಾ ಅವ್ವನಿಗೆ ಫೋನ್ ಮಾಡುತ್ತಿದ್ದಳು. "ಅಪ್ಪಾ ಹ್ಯಾಂಗ ಅದಾನ?" ಎಂದು ಕೇಳುತ್ತಿದ್ದಳಂತೆ, "ಅಪ್ಪಗ ಕೊಡು" ಎನ್ನುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಜಾಬರರು ಅಕಿವಾಟದ ಬೀಗರ ಹೊಲಕ್ಕೆ ಹೋಗಿ ಒಂದು ಗಂಟು ಸೀತನಿ ತಂದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ತೆಗೆದ ಹಸಿರು ಕಾಳು. ಸವಿತಾ ಅದಕ್ಕಾಗಿ ಪರೀಕ್ಷೆ ಬಿಟ್ಟು ಹೊಲಕ್ಕೆ ಓಡಿದ ಕಥೆಗಳಿವೆ. ಅದನ್ನು ಪೊಟ್ಟಣ ಕಟ್ಟಿ ಪೆಟ್ಟಿಗೆಯ ತಳದ ಮೂಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ತಂಪಿರುವಲ್ಲಿ ಇಟ್ಟು, ಸುತ್ತ ಎಂಟು ಬಾಟಲಿ ಕಾವಲು ನಿಲ್ಲಿಸಿದರು. ಚಾರ್ಟಿನಲ್ಲಿ 'ಹಾಸು ಒಂದು, ಹೊಕ್ಕು ಒಂದು' ಎಂಬಲ್ಲಿ ಏನು ಇದೆಯೆಂದು ಬರೆಯಲಿಲ್ಲ. 'ಸವಿತಾ' ಎಂದಷ್ಟೇ ಬರೆದರು.

ಇನ್ನು ಆ ದಿನ. ಪಂಚಗಂಗೆ ಏರಿ ಮೂರು ದಿನವಾಗಿತ್ತು. ಹಿಂದಿನ ಸಂಜೆ ಕರೆಂಟು ಹೋಗಿ ಊರಿನ ಮಗ್ಗಗಳೆಲ್ಲ ನಿಂತಿದ್ದವು. ಇಚಲಕರಂಜಿಯಲ್ಲಿ ಮಗ್ಗದ ಸದ್ದು ನಿಂತರೆ ನಮ್ಮಂಥವರಿಗೆ ಕಿವಿಯಲ್ಲಿ ಏನೋ ಹೊಕ್ಕಂತಾಗುತ್ತದೆ; ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಬೆಳಿಗ್ಗೆ ಆರರ ಸುಮಾರಿಗೆ ಜಾಬರರು ಗೋಡೆಯ ಬಳಿ ನಿಂತು ಚಹಾ ಕುಡಿದು, ಕಪ್ಪನ್ನು ವೈನಿಯ ಕೈಗೆ ಕೊಟ್ಟು, "ಕರೆಂಟ್ ಬರೂತನಾ ಮುಚ್ಚಳಾ ತಗೀಬ್ಯಾಡ. ತುಂಬಿದ ಪೆಟಗಿ ಎರಡ ದಿನಾ ತಡೀತೈತಿ" ಎಂದರು. ಆಮೇಲೆ ಗೋಡೆಗುಂಟ ಜಾರಿದರು. ದೊಡ್ಡವರ ಕೊನೆಯ ಮಾತುಗಳನ್ನು ಜನ ಬರೆದಿಡುತ್ತಾರೆ. ಇವರದ್ದು ಇದು.

ಡಾಕ್ಟರು ಬಂದು ನೋಡಿ ಹೋದ ಮೇಲೆ ಸವಿತಾಗೆ ಫೋನ್ ಹೋಯಿತು. ಗಂಡನ ಬೈಕಿನ ಮೇಲೆ ಆಗಲೇ ಹೊರಟಳು. ಮತ್ತೊಂದು ಫೋನ್ ಯಡ್ರಾವಕ್ಕೆ, ಜಾಬರರ ದೊಡ್ಡಪ್ಪನ ಮಗನಿಗೆ. ಎಲ್ಲರೂ ಕಾಕಾ ಎನ್ನುವ ಅವರು ಮನೆತನದ ಹಿರಿಯರು, ಜೀವನದಲ್ಲಿ ಎಂದೂ ಯಾರಿಗಾಗಿಯೂ ಕಾಯ್ದವರಲ್ಲ. ಎಂಟರ ಹೊತ್ತಿಗೆ ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದು ಮುಟ್ಟಿದರು. ಬಂದವರೇ ಜಾಬರರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೆಟ್ಟಿಗೆಗೆ ಒರಗಿಸಿ ಕೂಡಿಸಲು ಹೊರಟರು. ಉಳಿದ ಗೋಡೆಗಳಲ್ಲಿ ಒಂದು ಬಾಗಿಲಿನದು, ಒಂದು ಅಡುಗೆಮನೆಯದು.

"ಅಲ್ಲಿ ಬ್ಯಾಡ್ರಿ ಕಾಕಾ," ಎಂದರು ವೈನಿ. ಅಲ್ಲಿಯ ತನಕ ಅವರು ಅತ್ತಿರಲಿಲ್ಲ. "ಕರೆಂಟ್ ಬಂತಂದ್ರ ಅದರ ಮೈ ಬೆಚ್ಚಗ ಆಗತೈತಿ."

ಆದ್ದರಿಂದ ಎದುರುಗಡೆ, ಪೆಟ್ಟಿಗೆ ಒಳಗೆ ಬಂದಿದ್ದ ಆ ಕಿಟಕಿಯ ಕೆಳಗೆ ಕೂಡಿಸಿದೆವು. ಮೂವತ್ತು ವರ್ಷದಲ್ಲಿ ನಾನು ನೋಡದ್ದನ್ನು ನೋಡಿದೆ. ಪೆಟ್ಟಿಗೆ ಗುಂ ಎನ್ನದಿದ್ದರೂ ಬಲಗೈ ಬೆರಳುಗಳು ಸುಮ್ಮನಿದ್ದವು.

ಒಂಬತ್ತಕ್ಕೆ ಸವಿತಾ ನಿಪ್ಪಾಣಿಯ ಈಚೆ ಇದ್ದಳು. ಹನ್ನೊಂದಕ್ಕೆ ಕಾಗಲದಲ್ಲಿ. ಅಲ್ಲಿ ಪೊಲೀಸರು ತಡೆದರು: ನಮ್ಮ ಊರಿನ ಸೇತುವೆ ಬಂದ್, ಕೊಲ್ಹಾಪುರದ ಕಡೆಯಿಂದ ಸುತ್ತಿಕೊಂಡು ಬರುವ ದಾರಿಯೂ ಬಂದ್. ಕಾಕಾ ಅಂಗಳಕ್ಕೆ ಹೋಗುವುದು, ಆಕಾಶ ನೋಡುವುದು, ಒಳಗೆ ಬರುವುದು.

"ಸಂಜಿಮುಂದ ಎತ್ತಬೇಕ್ರಿ. ಕುಣಿ ತಗದಾರ, ನೀರ ತುಂಬಾಕತ್ತೈತಿ. ಒಂದ ತಾಸ ತಡದ್ರ ಇನ್ನೊಂದ ಮೊಳಾ ನೀರು."

"ಮಗಳು ಮುಖಾ ನೋಡಬೇಕ್ರಿ."

"ಮುಖಾ ನೋಡಬೇಕಂತ ನಾನೂ ಹೇಳ್ತೇನಿ. ಆದ್ರ ಈ ಹವಾದಾಗ ಮುಖಾ ಉಳೀಬೇಕಲ್ಲವಾ ತಂಗಿ? ದವಾಖಾನಿ ತಂಪ ಖೋಲಿಗೆ ಒಯ್ಯೂಣಂದ್ರ ನೀ ಒಲ್ಲೆ ಅಂತಿ." ಕಾಕಾ ಸುತ್ತಲೂ ನೋಡಿದರು. ಕಣ್ಣು ಎದುರಿನ ಗೋಡೆಗೆ ಬಂದು ನಿಂತಿತು. "ಇಷ್ಟ ಉದ್ದ ಪೆಟಗಿ ಐತಿ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲಬೆರಳುಗಳನ್ನು ನೋಡಿಕೊಂಡರು. ವೈನಿ ಗೋಡೆಯ ಚಾರ್ಟಿನ ಕಡೆ ಕೈ ತೋರಿಸಿ, ಶಾಂತವಾಗಿ ಹೇಳಿದರು: "ಕಾಕಾ, ಅದರಾಗ ಅವರ ಹೆಸರಿಲ್ಲ."

ಬಾಟಲಿಗಳ ನೆನಪು ಮೊದಲು ಬಂದದ್ದು ಮಾವಶಿಗೆ. ಬಾಗಿಲಲ್ಲಿ ನಿಂತು, ಮೆಲ್ಲಗೆ, ನನ್ನ ಕಿವಿಯಲ್ಲಿ, "ದಿವಾಣಜಿ, ತ್ಯಾ ಬಾಟಲ್ಯಾ" ಎಂದರು. ಎಂದವರೇ ತಾವು ಮೀನಿಗೆ ಬಳಸಿದ್ದು ನೆನಪಾಗಿ ಬಾಯಿಗೆ ಸೆರಗು ಹಚ್ಚಿದರು. ಆದರೆ ಬಾಟಲಿ ಬೇಕಾದರೆ ಮುಚ್ಚಳ ತೆಗೆಯಬೇಕು.

"ತಗೀಬ್ಯಾಡ ಅಂದಾರ್ರೀ," ಎಂದರು ವೈನಿ. "ಅವರ ಕಡೀ ಮಾತು ಅದು."

ಇಂಥ ಸಂದರ್ಭದಲ್ಲಿ ಒಬ್ಬ ದಿವಾಣಜಿಯ ಉಪಯೋಗ ಬರುತ್ತದೆ. ಮಾತಿನ ಅಕ್ಷರ ಬೇರೆ, ಉದ್ದೇಶ ಬೇರೆ ಎಂದು ನಾನು ವಾದಿಸಿದೆ. ಅವರು ಹೇಳಿದ್ದು ಬಟಾಣಿಯ ಹಿತಕ್ಕಾಗಿ. ಪೆಟ್ಟಿಗೆ ಇಟ್ಟದ್ದೇ ಇದ್ದದ್ದು ಕೆಡಬಾರದೆಂದು. ಈಗ ಕೆಡಬಾರದ್ದು ಯಾವುದು, ನೀವೇ ಹೇಳಿ. ವೈನಿ ಗಂಡನ ಮುಖ ನೋಡಿದರು, ಪರವಾನಗಿ ಬರುತ್ತದೇನೋ ಎಂಬಂತೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಹತ್ತರಾಗ ಮುಚ್ಚಬೇಕು. ನೀವು ಎಣಸ್ರಿ."

ಕಾಕಾ ಶರತ್ತು ಹಾಕಿದರು: ಬರ್ಫ ಇರುವ ತನಕ ಕಾಯುವುದು. ಕಡೆಯ ಬಾಟಲಿ ಕರಗಿದ ಕೂಡಲೇ ಎತ್ತುವುದು. ಆಮೇಲೆ ಯಾರೂ ಅಳಬಾರದು, ತಡೆಯಬಾರದು. ವೈನಿ ಒಪ್ಪಿದರು. ಅವರದೂ ಒಂದು ಶರತ್ತು ಇತ್ತು, ನನಗೆ ಮಾತ್ರ ಹೇಳಿದರು: "ಹಾಸು ಒಂದು ಮುಟ್ಟೂದು ಬ್ಯಾಡ್ರಿ. ಅದು ಆಕೀದು."

ಹೀಗೆ ಅರವತ್ತರಲ್ಲಿ ಎಂಟು ಕಳೆದು ಐವತ್ತೆರಡು. ಒಂದು ಸಲಕ್ಕೆ ಹದಿಮೂರರಂತೆ ನಾಲ್ಕು ಸಲ. ನಾನು ಎಣಿಸಿದೆ, ವೈನಿ ಬಗ್ಗಿ ಎರಡೆರಡಾಗಿ ತೆಗೆದು ಹಿಂದಕ್ಕೆ ಕೊಟ್ಟರು. ಒಂಬತ್ತಕ್ಕೇ ಮುಚ್ಚಳ ಬಿತ್ತು. ಬಾಟಲಿಗಳನ್ನು ಕೂತವರ ಮಡಿಲಿನಲ್ಲಿ, ಬೆನ್ನಿಗೆ, ಕಂಕುಳಲ್ಲಿ ನಿಲ್ಲಿಸಬೇಕು, ಜಾರುತ್ತಿದ್ದವು. ಮಲಗಿದವರಿಗೆ ಬರ್ಫ ಇಡುವುದು ಸುಲಭ, ಕೂತವರಿಗೆ ಅದನ್ನು ಉಡಿಸಬೇಕಾಗುತ್ತದೆ. ಅವರ ಕೈಕೆಳಗೆ ಕೆಲಸ ಕಲಿತ ಇಬ್ಬರು ಹಳೆಯ ನೇಕಾರರು ನೂಲು ತಂದು, ಬಾಟಲಿಗಳನ್ನು ಸಾಲಾಗಿ ಪೋಣಿಸಿ, ಸೊಂಟಕ್ಕೆ ಎದೆಗೆ ಸುತ್ತಿ, ಎಳೆ ಹರಿದಾಗ ಮಗ್ಗದ ಮೇಲೆ ಹಾಕುವ ಆ ಸಣ್ಣ ಗಂಟನ್ನೇ ಹಾಕಿ ಕಟ್ಟಿದರು. ಗಂಟು ಹಾಕುವಾಗ ಒಬ್ಬ ಅಭ್ಯಾಸಬಲದಿಂದ, "ಬರೋಬರಿ ಆತೇನ್ರಿ ಜಾಬರ್?" ಎಂದು ಕೇಳಿಯೇಬಿಟ್ಟ. ಮೇಲೆ ಹೊದಿಕೆ ಹೊಚ್ಚಿದೆವು. ಘಳಿಗೆ ಘಳಿಗೆಗೆ ತೆಗೆದು ನೋಡಲಿಲ್ಲ.

ಮೂರು ಗಂಟೆಗೆ ಎರಡನೆಯ ಹದಿಮೂರು. ರಾತ್ರಿ ಮೂರನೆಯದು. ಬೆಳಗಿನ ಜಾವ ನಾಲ್ಕನೆಯದು. ನಡುವೆ ನಾವೆಲ್ಲ ಮಾಡಿದ್ದು ಜಾಬರರ ಕೆಲಸ: ಅಂಗಳ, ಓಣಿ, ಓಣಿ, ಅಂಗಳ. ಕೂಡಲಿಕ್ಕೆ ಯಾರಿಂದಲೂ ಆಗಲಿಲ್ಲ. ಮನೆಯಲ್ಲಿ ಕೂತವರು ಅವರೊಬ್ಬರೇ. ಸವಿತಾಳ ಫೋನಿನ ಬ್ಯಾಟರಿ ಸತ್ತಿತು, ಆಮೇಲೆ ಯಾರದೋ ಫೋನಿನಿಂದ ಮಾಡಿದಳು. ಕಾಗಲದಲ್ಲಿ ಒಂದು ಮನೆಯವರು ರಾತ್ರಿ ಇಟ್ಟುಕೊಂಡಿದ್ದರು. "ಅಪ್ಪಾ ಹ್ಯಾಂಗ ಅದಾನ?" ಎಂದು ಕೇಳಿದಳಂತೆ. ವೈನಿ, "ತಂಪಾಗಿ ಅದಾನ" ಎಂದರು. ಎಂದ ಮೇಲೆ ಮೊದಲ ಸಲ ಅತ್ತರು.

ಮರುದಿನ ಹತ್ತು ಗಂಟೆಗೆ ಹೊದಿಕೆಯ ಕೆಳಗೆ ಕೈಹಾಕಿ ನೋಡಿದೆ. ನೀರು.

"ಆತು," ಎಂದರು ಕಾಕಾ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಪಾಪ, ಅವರೂ ಕಣ್ಣು ಮುಚ್ಚಿರಲಿಲ್ಲ. "ಆಡಿದ ಮಾತಿನಂಗ ಆಗಲಿ ತಂಗಿ. ಎತ್ತೂಣು."

ವೈನಿ ಪೆಟ್ಟಿಗೆಯ ಹತ್ತಿರ ಹೋಗಿ ನಿಂತರು. ನಾನು, "ವೈನಿ, ಅದರಾಗ ಸೀತನಿ..." ಎಂದೆ.

"ಹೆಸರಿನಾಕಿ ಮೊದಲ ಬರ್ಲಿ, ದಿವಾಣಜಿ. ಎಣಸ್ರಿ."

ನಾನು ಎಣಿಸಿದೆ. ಎಂಟೂ ಬಾಟಲಿ ಹೊರಗೆ ಬಂದವು, ಕಲ್ಲಿನಷ್ಟು ಗಟ್ಟಿ. ಕಾಕಾ ಅವನ್ನು ನೋಡಿದರು, ವೈನಿಯನ್ನು ನೋಡಿದರು, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಇವು ಎಲ್ಲಿದ್ದುವು?" ಎಂದರು. ವೈನಿ ಅವನ್ನು ಗಂಡನ ಮಡಿಲಿಗೆ ಜೋಡಿಸತೊಡಗಿದರು; ಕಾಕಾ ಅಂಗಳಕ್ಕೆ ಹೋಗಿ ಆಕಾಶ ನೋಡಿದರು.

ಹನ್ನೊಂದೂವರೆಗೆ ಓಣಿಯ ತುದಿಯಲ್ಲಿ ಒಂದು ಹಾಲಿನ ಟ್ಯಾಂಕರ್ ನಿಂತಿತು. ಸೇತುವೆಯ ಮೇಲಿನ ನೀರು ಒಂದು ಗೇಣು ಇಳಿದು, ಎತ್ತರದ ಗಾಡಿಗಳನ್ನು ಮಾತ್ರ ಬಿಡತೊಡಗಿದ್ದರು. ಡ್ರೈವರನ ಪಕ್ಕದಲ್ಲಿ ಒಬ್ಬರಿಗಷ್ಟೇ ಜಾಗ. ಅಳಿಯ ಬೈಕಿನ ಜೊತೆ ಕಾಗಲದಲ್ಲೇ ಉಳಿದಿದ್ದ. ಸವಿತಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ಪೆಟ್ಟಿಗೆ ಒಳಗೇ ಇತ್ತು. ಅವಳೂ ಒಳಗೆ ಬಂದಳು.

ಮುಖ ಸ್ವಚ್ಛವಾಗಿತ್ತು. ಮಲಗಿ ಎದ್ದವರ ಹಾಗೆ ಅಂತ ಜನ ಹೇಳುತ್ತಾರೆ. ಹಾಗೇನೂ ಇರಲಿಲ್ಲ, ಸತ್ತವರ ಹಾಗೇ ಇತ್ತು, ಆದರೆ ಅವರದೇ ಮುಖ. ಅವಳು ಕೆನ್ನೆ ಮುಟ್ಟಿದಳು. ಕೈ ಹಿಂದೆ ತೆಗೆದು ಹೊದಿಕೆ ಸರಿಸಿ ನೋಡಿದಳು. ಬಾಟಲಿ, ನೂಲು, ಗಂಟು. ಒಂದು ಬಾಟಲಿಯ ಕುತ್ತಿಗೆಯ ಹತ್ತಿರ ಖಾಲಿ ಬಿಟ್ಟ ಜಾಗದ ಮೇಲೆ ನಾಲ್ಕು ಬೆರಳು ಇಟ್ಟು ಅಳೆದಳು. ಆಮೇಲೆ ಅವಳು ಅತ್ತದ್ದನ್ನು ಓಣಿಯ ಕೊನೆಯ ಮನೆಯವರೂ ಕೇಳಿದರು. ಮಗ್ಗಗಳು ನಿಂತಿದ್ದವಲ್ಲ.

ಒಂದು ಗಂಟೆಗೆ ಮಣ್ಣಾಯಿತು. ಕುಣಿಯ ನೀರನ್ನು ಬಕೆಟ್ಟಿನಿಂದ ಹೊರಹಾಕಿ, ತಳಕ್ಕೆ ಒಣ ಮರಳು ಸುರಿದೆವು. ತಿರುಗಿ ಬಂದಾಗ ಅಂಗಳದಲ್ಲಿ ಬಾಟಲಿಗಳ ರಾಶಿ. ಭಂಗಾರದವನಿಗೆ ಹಾಕಿಬಿಡಿ, ಸತ್ತವರ ಮೈಗೆ ತಗಲಿದ್ದು ಎಂದರು ಕಾಕಾ.

"ಶರಣರಿಗೆ ಸೂತಕ ಇಲ್ಲಂತ ನೀವ ಹೇಳ್ತಿದ್ರಿ, ಕಾಕಾ," ಎಂದಳು ಸವಿತಾ. ಕಾಕಾ ಟೋಪಿಯನ್ನು ಇನ್ನೊಮ್ಮೆ ತೆಗೆದು ಹಾಕಿಕೊಂಡರು.

ವೈನಿ ತಳದ ಮೂಲೆಯಿಂದ ಪೊಟ್ಟಣ ತೆಗೆದುಕೊಟ್ಟರು. ಕರಗಿತ್ತು. ಕರಗಿದ್ದನ್ನು ಮತ್ತೆ ಒಳಗೆ ಇಡಬಾರದು ಎಂಬುದು ಆ ಮನೆಯ ಶಾಸನ. ಅದು ಎಲ್ಲರಿಗೂ ಗೊತ್ತಿತ್ತು. ಸವಿತಾ ಅದನ್ನು ಬಾಣಲೆಗೆ ಹಾಕಿ ಬಿಸಿ ಮಾಡಿದಳು, ಹನ್ನೊಂದು ಮನೆಗೆ ಒಂದೊಂದು ಮುಷ್ಟಿ ಬಂತು. ಕೆಟ್ಟಿರಲಿಲ್ಲ. ಬಟಾಣಿಯೂ ತೆಂಗೂ ಅಂದೇ ಖರ್ಚಾದವು. ಮಾವಿನ ರಸ ಮಾತ್ರ ಹುಳಿಯಾಗಿತ್ತು, ಚೆಲ್ಲಿದೆವು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಬಂತು. ಆಗ ಪೆಟ್ಟಿಗೆಯಲ್ಲಿ ಸವಿತಾ ತಿರುಗಿ ಜೋಡಿಸಿಟ್ಟ ಅರವತ್ತು ಬಾಟಲಿ ನೀರಿತ್ತು, ಪ್ರತಿಯೊಂದರಲ್ಲೂ ಮೇಲೆ ನಾಲ್ಕು ಬೆರಳು ಖಾಲಿ.